ಸಾರಾಯಿ ಅಂಗಡಿಯ ಸ್ಥಳಪುರಾಣ

ನಮ್ಮ ಜಿಲ್ಲಾ ಗೆಜೆಟಿಯರ್‌ಗಳು ಬಹಳ ಮರ್ಯಾದಸ್ಥ ಪುಸ್ತಕಗಳು. ಒಂದು ಊರಿನ ಹೆಸರು ಬಂದರೆ ಸಾಕು, ಕೋಟೆ ಕಟ್ಟಿಸಿದ ಪಾಳೆಗಾರ ಯಾರು, ಕೆರೆಯ ಏರಿ ಎಷ್ಟುದ್ದ, ವೀರಗಲ್ಲಿನ ಮೇಲೆ ಎಷ್ಟು ಸಾಲು ಅಕ್ಷರ, ಗುಡಿಯ ಮುಂದಿನ ನಂದಿಗೆ ಒಂದು ಕಿವಿ ಯಾಕಿಲ್ಲ ಎಲ್ಲವೂ ಅಲ್ಲಿ ಸಿಗುತ್ತದೆ. ಅದೇ ಊರಿನ ಎಷ್ಟೋ ಗಂಡಸರು ಗುಡಿಗಿಂತ ತಪ್ಪದೆ, ಭಕ್ತಿಗಿಂತ ಹೆಚ್ಚಿನ ನಿಷ್ಠೆಯಿಂದ ದಿನಾ ಸಂಜೆ ಹೋಗಿಬರುತ್ತಿದ್ದ ಇನ್ನೊಂದು ಕಟ್ಟಡದ ಸುದ್ದಿ ಮಾತ್ರ ಇಲ್ಲ. ಹೆಂಚಿನ ಮಾಡು, ಕಿಟಕಿಗೆ ಕಬ್ಬಿಣದ ಜಾಲರಿ, ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಪರವಾನಗಿ ನಂಬರು. ರಾಜ್ಯದ ಬೊಕ್ಕಸವನ್ನು ದಶಕಗಟ್ಟಲೆ ತಲೆಯ ಮೇಲೆ ಹೊತ್ತ ಆ ಕಟ್ಟಡಕ್ಕೆ ಒಂದು ಸಾಲಿನ ಶಾಸನವಿಲ್ಲ. 2007ರ ಜುಲೈ 1ರಂದು ಅದಕ್ಕೆ ಬೀಗ ಬಿತ್ತು. ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡುವುದು ನಮ್ಮ ಪದ್ಧತಿ. ಇಷ್ಟು ವರ್ಷವಾದರೂ ಯಾರೂ ಆಡದಿರುವುದರಿಂದ ಆ ಭಾರವನ್ನು ನಾನೇ ಹೊರುತ್ತೇನೆ.

ಮೊದಲಿಗೆ ಕ್ಷೇತ್ರ ಪರಿಚಯ. ಹಳೆ ಮೈಸೂರಿನವರು ಪಡಖಾನೆ ಎಂದರು, ಮಲೆನಾಡಿನವರು ಕಳ್ಳಂಗಡಿ ಎಂದರು, ತುಳುನಾಡಿನಲ್ಲಿ ಗಡಂಗು, ಬಡಗಣದ ಕಡೆ ಶೆರೆ ಅಂಗಡಿ. ಹೆಸರು ಬದಲಾದರೂ ವಾಸ್ತು ಬದಲಾಗಲಿಲ್ಲ. ಊರ ಒಳಗೂ ಅಲ್ಲ, ಊರ ಹೊರಗೂ ಅಲ್ಲ. ಮೇಲುಕೇರಿಯವರ ಮೂಗಿಗೆ ವಾಸನೆ ಬಡಿಯದಷ್ಟು ದೂರ, ಕೂಲಿ ಮುಗಿಸಿ ಬರುವವರ ಕಾಲಿಗೆ ತೊಡರುವಷ್ಟು ಹತ್ತಿರ. ಸಾಮಾನ್ಯವಾಗಿ ಅದು ಕೂಲಿಯವರ ಕೇರಿಯ ಬಾಯಲ್ಲೇ ಇರುತ್ತಿತ್ತು. ಶಾಲೆ, ಆಸ್ಪತ್ರೆ, ಅಂಚೆ ಡಬ್ಬಿ, ಕುಡಿಯುವ ನೀರಿನ ನಲ್ಲಿ ಇವೆಲ್ಲ ಮೇಲುಕೇರಿಯಲ್ಲೇ ನಿಂತುಬಿಟ್ಟ ಊರುಗಳಲ್ಲೂ ಸರ್ಕಾರ ಇದೊಂದು ಸೌಲಭ್ಯವನ್ನು ಮಾತ್ರ ಕೆಳಕೇರಿಯ ಮನೆಬಾಗಿಲಿಗೇ ಮುಟ್ಟಿಸಿತ್ತು. ಸಾಮಾಜಿಕ ನ್ಯಾಯದ ವಿಷಯದಲ್ಲಿ ಅಬಕಾರಿ ಇಲಾಖೆಯಷ್ಟು ಮುಂದುವರಿದ ಇಲಾಖೆ ಇನ್ನೊಂದಿರಲಿಲ್ಲ.

ಒಳಗೆ ಒಂದು ಬೆಂಚು, ಅದೂ ಗಿರಾಕಿ ತುಂಬ ಹೊತ್ತು ಕೂರಬಾರದು ಎಂಬ ಉದ್ದೇಶದಿಂದಲೇ ಮಾಡಿಸಿದಂಥದು. ಬಾಗಿಲಲ್ಲಿ ಬೇಯಿಸಿದ ಮೊಟ್ಟೆ, ಹುರಿಗಡಲೆ, ಉಪ್ಪಿನಕಾಯಿ ಮಾರುವ ಒಬ್ಬ ಅಜ್ಜಿ. ಕುಡಿತದ ಕೆಡುಕುಗಳ ಬಗ್ಗೆ ಊರಿನಲ್ಲೇ ಹೆಚ್ಚು ತಿಳಿದವಳು ಅವಳು, ಆ ವ್ಯಾಪಾರದ ಮೇಲೇ ಅವಳ ಮನೆಯ ಒಲೆ ಉರಿಯಬೇಕು. ಹಳೆಯ ಗ್ಲಾಸಿನ ಕಾಲ ಹೋಗಿ ಪ್ಲಾಸ್ಟಿಕ್ ಪ್ಯಾಕೆಟ್ಟಿನ ಕಾಲ ಬಂದ ಮೇಲೆ ಬೆಂಚಿಗೂ ಕೆಲಸವಿಲ್ಲವಾಯಿತು. ಮಲೆನಾಡಿನವರು ಕೊಟ್ಟೆ ಎಂದು ಕರೆದ ಆ ಪ್ಯಾಕೆಟ್ಟನ್ನು ಹಲ್ಲಿನಲ್ಲಿ ಕಚ್ಚಿ, ಒಂದೇ ಸಲಕ್ಕೆ ಬಾಯಿಗೆ ಸುರಿದುಕೊಂಡು, ಖಾಲಿ ಪೊಟ್ಟಣವನ್ನು ಗದ್ದೆಬದುವಿಗೆ ಎಸೆದು ಹೋದರೆ ಆಯಿತು. ಊರಿನ ಗೌಡರು, ಶಾನುಭೋಗರು, ಮೇಷ್ಟರು ಯಾರೂ ಅಂಗಡಿಯ ಹೊಸ್ತಿಲು ತುಳಿದವರಲ್ಲ. ಅವರ ಪಾಲಿನದು ಆಳಿನ ಟವೆಲ್ಲಿನೊಳಗೆ ಸುತ್ತಿಕೊಂಡು ಹಿತ್ತಿಲ ಬಾಗಿಲಿಂದ ಬರುತ್ತಿತ್ತು. ಹಾಗಾಗಿ ಊರಿನಲ್ಲಿ ಕುಡುಕರು ಯಾರೆಂದು ಕೇಳಿದರೆ ಎಲ್ಲರೂ ಕೆಳಕೇರಿಯ ಹೆಸರನ್ನೇ ಹೇಳುತ್ತಿದ್ದರು. ಕನ್ನಡದಲ್ಲಿ ಅತ್ಯಂತ ಹೆಸರುವಾಸಿಯಾದ ಕುಡುಕನನ್ನು ಸೃಷ್ಟಿಸಿದ ಜಿ.ಪಿ. ರಾಜರತ್ನಂ ಕುಡಿಯುತ್ತಿರಲಿಲ್ಲ. ಅವರಿಗೆ ಹೆಂಡದಂಗಡಿಯ ಒಳಗೆ ಕಂಡದ್ದು ಒಬ್ಬ ಮನುಷ್ಯ. ಸರ್ಕಾರಕ್ಕೆ ಅಲ್ಲಿ ಕಂಡದ್ದು ಒಂದು ಲೆಕ್ಕದ ಶೀರ್ಷಿಕೆ.

ಇನ್ನು ರಾಜವಂಶಗಳ ಚರಿತ್ರೆ. ಏಕೀಕರಣಕ್ಕೆ ಮೊದಲು ಕನ್ನಡಿಗರು ಹರಿದು ಹಂಚಿಹೋಗಿದ್ದರು ಎಂದು ಪಠ್ಯಪುಸ್ತಕ ಹೇಳುತ್ತದೆ. ಗಂಟಲಿನ ವಿಷಯದಲ್ಲೂ ಹಾಗೇ ಆಗಿತ್ತು ಎಂಬುದನ್ನು ಹೇಳುವುದಿಲ್ಲ. ಮದ್ರಾಸ್ ಪ್ರಾಂತ್ಯ 1948ರ ಅಕ್ಟೋಬರ್ 2ರ ಹೊತ್ತಿಗೆ ಪೂರ್ತಿ ಒಣಗಿತು, ಜೊತೆಗೆ ಮಂಗಳೂರೂ. ಮುಂಬೈ ಪ್ರಾಂತ್ಯ 1949ರಲ್ಲಿ ಪಾನನಿರೋಧದ ಕಾಯ್ದೆ ಮಾಡಿತು, ಧಾರವಾಡ, ಬೆಳಗಾವಿ, ಬಿಜಾಪುರಗಳ ಬಾಯಿಗೆ ಬೀಗ ಬಿತ್ತು. ನಿಜಾಮನ ಸೀಮೆಯ ಕನ್ನಡಿಗ ಮಾತ್ರ ಸೇಂದಿ ಮರದ ನೆರಳಿನಲ್ಲಿ ಸುಖವಾಗಿದ್ದ. 1956ರಲ್ಲಿ ಎಲ್ಲರೂ ಒಂದೇ ತಾಯಿಯ ಮಡಿಲಿಗೆ ಬಂದಾಗ ತಾಯಿಗೆ ದಿಕ್ಕು ತೋಚಲಿಲ್ಲ. ಆಗ ಆದದ್ದು ಹೀಗೆ: 1961ರಲ್ಲಿ ಒಂದು ಪಾನನಿರೋಧ ಕಾಯ್ದೆ, 1965ರಲ್ಲಿ ಒಂದು ಅಬಕಾರಿ ಕಾಯ್ದೆ. ಕುಡಿಯಬೇಡ ಎನ್ನುವುದಕ್ಕೂ ಒಂದು, ಕುಡಿದರೆ ಸುಂಕ ಕೊಡು ಎನ್ನುವುದಕ್ಕೂ ಒಂದು. 1967ರಲ್ಲಿ ಗಾಂಧಿವಾದಿ ಎಸ್. ನಿಜಲಿಂಗಪ್ಪನವರ ಸರ್ಕಾರವೇ ಪಾನನಿರೋಧವನ್ನು ಸಡಿಲಿಸಿ ಅಂಗಡಿಗಳ ಬಾಗಿಲು ತೆರೆಯಿತು. ಮದ್ಯಪಾನ ನಿಷೇಧಕ್ಕೆ ರಾಜ್ಯ ಪ್ರಯತ್ನಿಸಬೇಕು ಎಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. ಪ್ರಯತ್ನಿಸಬೇಕು ಎಂದಿದೆಯೇ ಹೊರತು ಗೆಲ್ಲಬೇಕು ಎಂದಿಲ್ಲ. ನಮ್ಮ ಸರ್ಕಾರಗಳು ಸಂವಿಧಾನವನ್ನು ಅಷ್ಟು ಎಚ್ಚರದಿಂದ ಓದಿದ ಇನ್ನೊಂದು ಉದಾಹರಣೆ ನನಗೆ ನೆನಪಾಗುತ್ತಿಲ್ಲ.

ಅಲ್ಲಿಂದ ಮುಂದೆ ಗುತ್ತಿಗೆದಾರರ ಯುಗ. ವರ್ಷಕ್ಕೊಮ್ಮೆ ಹರಾಜು. ಗೆದ್ದವನು ಆ ಸೀಮೆಗೆ ಆ ವರ್ಷದ ಮಹಾರಾಜ. ಅವನಿಗೆ ಸೈನ್ಯವಿತ್ತು: ಕಳ್ಳಭಟ್ಟಿ ಇಳಿಸುವವರನ್ನು ಹಿಡಿದು ಬಡಿಯುವ ಅವನ ಆಳುಗಳು ಜೀಪಿನಲ್ಲಿ ಬಂದರೆ ಪೊಲೀಸರು ದಾರಿ ಬಿಡುತ್ತಿದ್ದರು. ಅವನಿಗೆ ಟಂಕಸಾಲೆಯೂ ಇತ್ತು. ಸುಂಕ ಕಟ್ಟಿದ ಸಾರಾಯಿಯ ಜೊತೆಗೆ ಸುಂಕ ಕಟ್ಟದ ಸಾರಾಯಿಯನ್ನು ‘ಸೆಕೆಂಡ್ಸ್’ ಎಂಬ ಹೆಸರಿನಲ್ಲಿ ಅದೇ ಅಂಗಡಿಯಿಂದ ದಾಟಿಸುವ ಕಲೆಯನ್ನು ಕರ್ನಾಟಕ ಇಡೀ ದೇಶಕ್ಕೆ ಕಲಿಸಬಹುದಿತ್ತು. ಕೆಳಗೆ ಪ್ಯಾಕೆಟ್ ಕಚ್ಚುವವನು ಮೇಲೆ ಯಾರ್‍ಯಾರ ಚುನಾವಣೆಯ ಖರ್ಚನ್ನು ನುಂಗುತ್ತಿದ್ದಾನೆ ಎಂಬುದು ಅವನಿಗೆ ಗೊತ್ತಿರಲಿಲ್ಲ. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಗಳನ್ನು ಕೊಟ್ಟ ರೀತಿಯ ಬಗ್ಗೆ ಹೈಕೋರ್ಟ್ ಕಟುವಾಗಿ ಮಾತಾಡಿದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ನೈತಿಕತೆಯ ಹೆಸರಿನಲ್ಲಿ ರಾಜೀನಾಮೆ ಕೊಟ್ಟರು. ಮೂರು ದಿನಕ್ಕೆ ವಾಪಸ್ ತೆಗೆದುಕೊಂಡರು. ಸಾರಾಯಿಯ ಅಮಲು ಬೆಳಗಾಗುವುದರೊಳಗೆ ಇಳಿಯುತ್ತದೆ, ನೈತಿಕತೆಯದು ಮೂರು ದಿನ ಬೇಕು ಎಂದು ಆಗ ನಾಡಿಗೆ ತಿಳಿಯಿತು.

ಈ ಪುರಾಣದಲ್ಲಿ ನಗೆಯಿಲ್ಲದ ಅಧ್ಯಾಯಗಳೂ ಇವೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷ ಬೆರೆತ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕೂಲಿಯವರು, ಕೊಳೆಗೇರಿಯವರು. ಅದರ ಬಗ್ಗೆ ವ್ಯಂಗ್ಯ ಬರೆಯುವುದು ನನ್ನಿಂದಾಗುವ ಕೆಲಸವಲ್ಲ.

ಅಂಗಡಿ ಮುಚ್ಚಿ ಎಂದು ಮೊದಲು ಕೂಗಿದ್ದು ಯಾವ ಪಕ್ಷವೂ ಅಲ್ಲ. ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ದಲಿತ ಸಂಘರ್ಷ ಸಮಿತಿ ಕೇಳಿತು. ಸೊಸೈಟಿಯಲ್ಲಿ ಅಕ್ಕಿ ಕೊಳ್ಳಲು ಇಟ್ಟಿದ್ದ ದುಡ್ಡು, ಮಗಳ ಕಾಲುಗೆಜ್ಜೆ, ಕೊನೆಗೆ ಅಡುಗೆಮನೆಯ ಹಿತ್ತಾಳೆ ಚೊಂಬು ಕೂಡ ಯಾವ ದಾರಿಯಲ್ಲಿ ಹೋಯಿತೆಂದು ನೋಡಿದ ಹೆಂಗಸರು ಪೊರಕೆ ಹಿಡಿದು ಅಂಗಡಿಯ ಮುಂದೆ ನಿಂತರು. ಇಳಕಲ್ ಮಠದ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ, ಅಕ್ಕಿ ಜೋಳ ಬೇಡ, ನಿಮ್ಮ ದುಶ್ಚಟ ಹಾಕಿ ಎಂದು ಬೇಡಿದರು. ನಿಜವಾಗಿ ಎಷ್ಟೋ ಮಂದಿ ಹಾಕಿದರು. ಸರ್ಕಾರಕ್ಕೂ ಆ ಕಾರ್ಯ ಎಷ್ಟು ಇಷ್ಟವಾಯಿತೆಂದರೆ ಅವರ ಜನ್ಮದಿನವಾದ ಆಗಸ್ಟ್ 1ನ್ನು ವ್ಯಸನಮುಕ್ತ ದಿನ ಎಂದು ಘೋಷಿಸಿತು. ಉಳಿದ ಮುನ್ನೂರ ಅರವತ್ತನಾಲ್ಕು ದಿನಗಳನ್ನು ಅಬಕಾರಿ ಇಲಾಖೆಗೆ ಬಿಟ್ಟಿತು.

2004ರಲ್ಲಿ ಮೊದಲ ಬಲಿ ಸೇಂದಿಯದು. ಕರಾವಳಿಯನ್ನು ಬಿಟ್ಟು ಉಳಿದ ಕಡೆ ಈಚಲು ಮರಕ್ಕೆ ಮಡಕೆ ಕಟ್ಟುವುದು ಅಪರಾಧವಾಯಿತು. ಮರ ಹತ್ತಿ ಬದುಕುತ್ತಿದ್ದ ಈಡಿಗರಿಗೆ ಬೇರೆ ಕೆಲಸ ತೋರಿಸಿ ಎಂಬ ಬೇಡಿಕೆ ಇನ್ನೂ ವೇದಿಕೆಯಿಂದ ವೇದಿಕೆಗೆ ಅಲೆಯುತ್ತಿದೆ. ಮರದಿಂದ ಇಳಿದದ್ದು ಆರೋಗ್ಯಕ್ಕೆ ಕೆಟ್ಟದ್ದು, ಕಾರ್ಖಾನೆಯಿಂದ ಬಂದದ್ದು ಪರವಾಗಿಲ್ಲ ಎಂಬ ವೈದ್ಯಶಾಸ್ತ್ರ ಆಗ ಜಾರಿಗೆ ಬಂತು. ಈ ಶಾಸ್ತ್ರದ ಮುಂದಿನ ಅಧ್ಯಾಯವೇ 2007. ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ, ಹಣಕಾಸು ಖಾತೆಯ ಉಪಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ. ಬಡವರ ಮನೆ ಉಳಿಸಲು ಸಾರಾಯಿ ನಿಷೇಧ ಎಂದು ಘೋಷಣೆಯಾಯಿತು, ಜುಲೈ 1ರ ಭಾನುವಾರದಿಂದ ಅಂಗಡಿಗಳು ಮುಚ್ಚಿದವು. ಹೆಂಗಸರು ಪಟಾಕಿ ಹೊಡೆದು ಸಂಭ್ರಮಿಸಿದರೆ ಅದರಲ್ಲಿ ತಪ್ಪೇನಿಲ್ಲ. ಆ ಇಪ್ಪತ್ತು ತಿಂಗಳ ಸರ್ಕಾರವಾದರೂ ಸಾರಾಯಿಗಿಂತ ಮೂರು ತಿಂಗಳು ಚಿಲ್ಲರೆ ಹೆಚ್ಚು ಬದುಕಿತು, ಅಷ್ಟೆ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಯಾಕೆಂದರೆ ಅಂಗಡಿಯ ಮರಣೋತ್ತರ ಜೀವನ ಅದರ ಜೀವನಕ್ಕಿಂತ ರುಚಿಕರ. ಸಾರಾಯಿ ಎಂದರೆ ಏನು? ಕಬ್ಬಿನ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್ಟಿಗೆ ನೀರು ಬೆರೆಸಿದ್ದು, ಮದ್ಯಾಂಶ ಸುಮಾರು ಮೂರನೇ ಒಂದು ಪಾಲು. ಅದರ ಬದಲಿಗೆ ಬಂದ ಅಗ್ಗದ ವಿಸ್ಕಿ ಎಂದರೆ ಏನು? ಅದೇ ಕಾಕಂಬಿ, ಅದೇ ಸ್ಪಿರಿಟ್ಟು, ಇನ್ನೊಂದಿಷ್ಟು ಸೋಸಿ, ಬಣ್ಣ ಕಟ್ಟಿ, ಮದ್ಯಾಂಶವನ್ನು ಶೇ 42.8ಕ್ಕೆ ಏರಿಸಿ, ಡಬ್ಬಿಯ ಮೇಲೆ ಯಾವುದೋ ರಾಜನ ಹೆಸರು ಬರೆದದ್ದು. ಅಂದರೆ ಸರ್ಕಾರ ನಿಷೇಧಿಸಿದ್ದು ನೀರನ್ನು. ಕೂಲಿಯವನು ಅದೇ ಸಂಜೆ, ಅದೇ ಹೊತ್ತಿಗೆ, ಅದೇ ಕಾಕಂಬಿಯ ಮೊಮ್ಮಗನನ್ನು ಹೆಚ್ಚಿನ ದುಡ್ಡು ಕೊಟ್ಟು ಕುಡಿಯತೊಡಗಿದ. ಇದಕ್ಕೆ ಜೀವನಮಟ್ಟ ಸುಧಾರಣೆ ಎನ್ನುತ್ತಾರೆ. ನಿನ್ನೆಯವರೆಗೆ ಸಾರಾಯಿ ಕುಡುಕನಾಗಿದ್ದವನು ರಾತ್ರಿ ಬೆಳಗಾಗುವುದರಲ್ಲಿ ವಿಸ್ಕಿ ಗ್ರಾಹಕನಾದ. ಅವನ ಹೆಂಡತಿ ಪೊರಕೆ ಹಿಡಿದು ನಿಂತಿದ್ದ ಜಾಗದಲ್ಲಿ ಈಗ ಅಂಗಡಿಯೇ ಇಲ್ಲ, ಹೊಡೆಯುವುದು ಎಲ್ಲಿಗೆ?

ನಿಷೇಧಕ್ಕೆ ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಆನೇಕಲ್, ಕೋಲಾರ, ಆಚೆ ಗಡಿಯ ಕೃಷ್ಣಗಿರಿಯವರೆಗೆ ಮತ್ತೆ ಕಳ್ಳಭಟ್ಟಿ ನೂರಕ್ಕೂ ಹೆಚ್ಚು ಜೀವ ತೆಗೆಯಿತು. ವಿಸ್ಕಿಯ ದುಡ್ಡು ಹೊಂದಿಸಲಾಗದವರು ಇನ್ನೂ ಉಳಿದಿದ್ದಾರೆ ಎಂಬುದು ಸುಧಾರಣೆಯ ಲೆಕ್ಕ ಹಾಕಿದವರಿಗೆ ಮರೆತುಹೋಗಿತ್ತು.

ಖಾಸಗಿ ಗುತ್ತಿಗೆದಾರನ ಲೂಟಿ ತಪ್ಪಲಿ ಎಂದು ಸಗಟು ವ್ಯಾಪಾರಕ್ಕಾಗಿ 2003ರಲ್ಲೇ ಕರ್ನಾಟಕ ರಾಜ್ಯ ಪಾನೀಯ ನಿಗಮ ಹುಟ್ಟಿತ್ತು. ರಾಜ್ಯದ ಪ್ರತಿ ಬಾಟಲಿಯೂ ಅದರ ಗೋದಾಮಿನ ಬಾಗಿಲು ದಾಟಿ ಬರಬೇಕು. ಸಾರಾಯಿ ಹೋದ ಕೆಲವೇ ವರ್ಷಗಳಲ್ಲಿ ಹಳ್ಳಿಗಾಡಿನ ಚಿಲ್ಲರೆ ವ್ಯಾಪಾರಕ್ಕೂ ಸರ್ಕಾರಿ ಕೈ ಬಂತು, ಎಂಎಸ್‌ಐಎಲ್ ಮಳಿಗೆಗಳ ರೂಪದಲ್ಲಿ. ಈ ಸಂಸ್ಥೆಯ ಬಗ್ಗೆ ನನಗೆ ಅಪಾರ ಗೌರವ. ‘ಲೇಖಕ್’ ನೋಟ್‌ಬುಕ್ ಮಾರುವುದು ಅದೇ. ಚೀಟಿ ನಡೆಸುವುದು ಅದೇ. ಒಂದು ಕಾಲಕ್ಕೆ ರಾಜ್ಯ ಲಾಟರಿ ಮಾರಿದ್ದೂ ಅದೇ. ಮನುಷ್ಯ ಅಕ್ಷರ ತಿದ್ದುವುದರಿಂದ ಹಿಡಿದು, ಚೀಟಿ ಹಾಕಿ, ಅದೃಷ್ಟ ಪರೀಕ್ಷಿಸಿ, ಸೋತು, ಕ್ವಾರ್ಟರ್ ಕೊಳ್ಳುವವರೆಗೆ ಬಾಳಿನ ಯಾವ ಹಂತದಲ್ಲೂ ಸರ್ಕಾರ ಕೈಬಿಡುವುದಿಲ್ಲ ಎಂಬ ಭರವಸೆ ಬೇರೆಲ್ಲಿ ಸಿಕ್ಕೀತು? ಹೆಂಡ ಬೇಡ, ಶಾಲೆ ಬೇಕು ಎಂದವರಿಗೆ ನೋಟ್‌ಬುಕ್ಕೂ ಹೆಂಡವೂ ಒಂದೇ ಸಂಸ್ಥೆಯಿಂದ ಬರುವ ಏರ್ಪಾಡಾಯಿತು.

ನಡುವೆ ಸುಪ್ರೀಂ ಕೋರ್ಟ್ ಒಂದು ಕಲ್ಲು ಎಸೆಯಿತು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು ಎಂದು 2016ರ ಡಿಸೆಂಬರ್‌ನಲ್ಲಿ ಹೇಳಿತು, ಸಣ್ಣ ಊರುಗಳಿಗೆ ಆಮೇಲೆ 220 ಮೀಟರಿಗೆ ಇಳಿಸಿತು. ಕೇರಳದ ಉತ್ತರ ಪರವೂರಿನ ಒಂದು ಬಾರಿನವರು ಜಾಗ ಬಿಡದೆ, ಬಾಗಿಲಿಗೆ ಸುತ್ತುಬಳಸು ದಾರಿ ಕಟ್ಟಿ ದೂರ ತುಂಬಿಸಿದರು. ನಮ್ಮವರಿಗೆ ಅಷ್ಟು ಶಿಲ್ಪಶಾಸ್ತ್ರ ಬರುವುದಿಲ್ಲ. ಕೆಲವರು ರಸ್ತೆಯ ಹೆಸರನ್ನೇ ಬದಲಿಸಿ ಎಂದರು, ಕೆಲವರು ಅಂಗಡಿಯನ್ನು ಹೆದ್ದಾರಿಯಿಂದ ಎತ್ತಿ ಊರೊಳಗೆ ಇಟ್ಟರು. ಲಾರಿ ಡ್ರೈವರ್ ಉಳಿಯಲಿ ಎಂಬುದು ಕೋರ್ಟಿನ ಆಸೆ. ಹಳ್ಳಿಯವನಿಗೆ ನಡೆಯುವ ಶ್ರಮ ಉಳಿಯಿತು.

ಆದರೆ ಹಳೆಯ ಅಂಗಡಿಯ ನಿಜವಾದ ವಾರಸುದಾರ ಇವರು ಯಾರೂ ಅಲ್ಲ. ಊರ ನಡುವಿನ ಗೂಡಂಗಡಿ. ಬೀಡಿ, ಬೆಂಕಿಪೊಟ್ಟಣ, ಮಕ್ಕಳ ಪೆಪ್ಪರಮಿಂಟು, ಶ್ಯಾಂಪೂ ಪೊಟ್ಟಣಗಳ ಹಿಂದೆ, ಅಕ್ಕಿ ಮೂಟೆಯ ಮರೆಯಲ್ಲಿ, 90 ಎಂಎಲ್ ಟೆಟ್ರಾ ಪ್ಯಾಕೆಟ್ಟುಗಳ ಸಾಲು. ಹಳೆಯ ಸಾರಾಯಿ ಅಂಗಡಿಗೆ ಪರವಾನಗಿ, ಬಾಗಿಲು, ಹೊತ್ತು ಗೊತ್ತು ಇದ್ದವು. ಇದಕ್ಕೆ ಅವು ಯಾವುವೂ ಇಲ್ಲ. ಪರವಾನಗಿಯ ಮದ್ಯದಂಗಡಿ ಬೆಳಗ್ಗೆ ಹತ್ತಕ್ಕೆ ತೆರೆದರೆ ಗೂಡಂಗಡಿ ಹಾಲಿನ ವ್ಯಾನು ಬರುವ ಮೊದಲೇ ತೆರೆದಿರುತ್ತದೆ. ಹಾಲು ಕೇಳಲು ಬಂದ ಹುಡುಗಿಯ ಪಕ್ಕದಲ್ಲೇ ಅವಳ ಅಪ್ಪ ನಿಂತು, ‘ಅಣ್ಣಾ, ಒಂದು ಕೊಡು, ಸಂಜೆ ಕೊಡ್ತೀನಿ’ ಎನ್ನುತ್ತಾನೆ. ಮಾಲೀಕ ಇಬ್ಬರ ಸಾಲವನ್ನೂ ಒಂದೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಮುಂಚೆ ಗಂಡ ಕುಡಿಯುವುದನ್ನು ನೋಡಬೇಕಿದ್ದರೆ ಹೆಂಡತಿ ಕೇರಿಯ ಬಾಯಿಯವರೆಗೆ ನಡೆಯಬೇಕಿತ್ತು. ಈಗ ಉಪ್ಪು ತರಲು ಹೋದರೆ ಸಾಕು.

ಅಬಕಾರಿಯವರು ದಾಳಿ ಮಾಡುವುದಿಲ್ಲ ಎಂದಲ್ಲ. ಮಾಡುತ್ತಾರೆ. ಅಕ್ಕಿ ಮೂಟೆಯ ಹಿಂದಿನ ನಾಲ್ಕು ಪ್ಯಾಕೆಟ್ಟು, ಬಾಗಿದ ತಲೆಯ ಒಬ್ಬ ಬಡಪಾಯಿ, ಅವನ ಹಿಂದೆ ಸಾಲಾಗಿ ನಿಂತ ಸಿಬ್ಬಂದಿ, ಮರುದಿನ ಪತ್ರಿಕೆಯ ಜಿಲ್ಲಾಪುಟದಲ್ಲಿ ಫೋಟೊ. ಆ ಪ್ಯಾಕೆಟ್ಟುಗಳು ಯಾವ ಪರವಾನಗಿ ಅಂಗಡಿಯಿಂದ ಪೆಟ್ಟಿಗೆಗಟ್ಟಲೆ ಹೊರಟವು ಎಂದು ಕೇಳಬಾರದು. ಕೇಳಿದರೆ ಗುರಿ ತಪ್ಪುತ್ತದೆ. ಗುರಿ ಎಂದರೆ ಸಾಮಾನ್ಯದ್ದಲ್ಲ. ಸಾರಾಯಿ ನಿಷೇಧವಾದ ವರ್ಷ ರಾಜ್ಯದ ಅಬಕಾರಿ ಆದಾಯ ಐದು ಸಾವಿರ ಕೋಟಿಯನ್ನೂ ಮುಟ್ಟಿರಲಿಲ್ಲ. 2023–24ರ ಬಜೆಟ್‌ನಲ್ಲಿ ಗುರಿ 36,000 ಕೋಟಿ, ಮರುವರ್ಷ 38,525 ಕೋಟಿ, 2025–26ಕ್ಕೆ 40,000 ಕೋಟಿ. ಶಿಕ್ಷಣ ಇಲಾಖೆಗೆ ಇಷ್ಟು ಮಂದಿ ಪಾಸಾಗಲೇಬೇಕು ಎಂಬ ಒತ್ತಡವಿರುವಂತೆ ಈ ಇಲಾಖೆಗೆ ಇಷ್ಟು ಲೀಟರ್ ಇಳಿಯಲೇಬೇಕು. ಇದೇ ಸರ್ಕಾರದ ಇನ್ನೊಂದು ಕಚೇರಿಯಲ್ಲಿ ಕರ್ನಾಟಕ ಮದ್ಯಪಾನ ಸಂಯಮ ಮಂಡಳಿ ಕುಳಿತಿದೆ, ಕುಡಿಯಬೇಡಿ ಎಂದು ಜನರಿಗೆ ಹೇಳುವುದು ಅದರ ಕೆಲಸ. ಅದರ ಮಾತು ಜನ ಒಂದೇ ಒಂದು ವರ್ಷ ಕೇಳಿದರೂ ಅದರ ನೌಕರರಿಗೆ ಸಂಬಳ ಕೊಡಲು ಖಜಾನೆ ತಡಕಾಡಬೇಕಾಗುತ್ತದೆ. ಆ ಅಪಾಯ ಸದ್ಯಕ್ಕೆ ಕಾಣುತ್ತಿಲ್ಲ.

ಕುಡಿಯುವವರ ನಿಷ್ಠೆಗೆ ಪರೀಕ್ಷೆ ಬಂದದ್ದು ಕೊರೊನಾ ಕಾಲದಲ್ಲಿ. 2020ರ ಮೇ 4ರಂದು ಅಂಗಡಿಗಳು ಮತ್ತೆ ತೆರೆದಾಗ ಬೆಳಗಿನ ಜಾವದಿಂದಲೇ ಸಾಲು. ಕೆಲವೆಡೆ ಬಾಗಿಲಿಗೆ ತೆಂಗಿನಕಾಯಿ ಒಡೆದು ಊದುಬತ್ತಿ ಹಚ್ಚಿದರು. ಮೊದಲ ದಿನವೇ ಸುಮಾರು 45 ಕೋಟಿ ರೂಪಾಯಿ ವ್ಯಾಪಾರ. ಆ ಸಾಲಿನಲ್ಲಿ ನಿಂತವರನ್ನು ನೋಡಿ ಟಿವಿಯವರು ನಕ್ಕರು. ಅವರ ಹಿಂದೆ, ಕ್ಯಾಮೆರಾಕ್ಕೆ ಕಾಣದಂತೆ, ಸರ್ಕಾರವೂ ಅದೇ ಸಾಲಿನಲ್ಲಿ ಕೈಚಾಚಿ ನಿಂತಿತ್ತು.

2019ರ ಜನವರಿಯಲ್ಲಿ ಹಳ್ಳಿಯ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದಿದ್ದರು. ಅವರು ಕೇಳಿದ್ದು ಸಾರಾಯಿ ನಿಷೇಧವನ್ನಲ್ಲ, ಅದು ಆಗಿ ಹನ್ನೆರಡು ವರ್ಷ ಸಮೀಪಿಸಿತ್ತು. ಪೂರ್ತಿ ಮದ್ಯವನ್ನೇ ನಿಷೇಧಿಸಿ ಎಂದರು. ಹೆದ್ದಾರಿಯುದ್ದಕ್ಕೂ ಕಾಲಲ್ಲಿ ಬೊಬ್ಬೆ ಎದ್ದ ಆ ಹೆಂಗಸರಿಗೆ ರಾಜಧಾನಿ ಕೊಟ್ಟದ್ದು ಭರವಸೆ. ಅದಕ್ಕೆ ಸುಂಕವಿಲ್ಲ, ಎಷ್ಟು ಬೇಕಾದರೂ ಹಂಚಬಹುದು.

ಅವರಿಗೆ ಹಣವನ್ನೇ ಕೊಡುವ ಕಾಲವೂ ಬಂತು ಎನ್ನಿ. ಗೃಹಲಕ್ಷ್ಮಿಯಲ್ಲಿ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಅದಕ್ಕೆ 2024–25ರಲ್ಲಿ ತೆಗೆದಿಟ್ಟದ್ದು 28,608 ಕೋಟಿ. ಅದೇ ವರ್ಷ ಅಬಕಾರಿಯ ಗುರಿ 38,525 ಕೋಟಿ. ಗಂಡನ ಜೇಬಿನಿಂದ ತೆಗೆದು ಹೆಂಡತಿಯ ಖಾತೆಗೆ ಹಾಕಿ, ನಡುವೆ ಹತ್ತಿರ ಹತ್ತು ಸಾವಿರ ಕೋಟಿ ದಲ್ಲಾಳಿ ಉಳಿಸಿಕೊಂಡ ಹಾಗಾಯಿತು. ಎರಡು ಸಾವಿರ ಬಂದ ದಿನ ಗಂಡ ಬಹಳ ಪ್ರೀತಿಯಿಂದ ಮಾತಾಡುತ್ತಾನೆ ಎಂದು ಹಳ್ಳಿಯ ಹೆಂಗಸರು ಹೇಳುವುದುಂಟು. ಆ ಪ್ರೀತಿ ಗೂಡಂಗಡಿಯವರೆಗೆ ಹೋಗಿ ತಿರುಗಿ ಖಜಾನೆ ಸೇರುತ್ತದೆ.

ಈ ಸುತ್ತನ್ನು ಪೂರ್ತಿಯಾಗಿ ಗ್ರಹಿಸಿ ಸದನದಲ್ಲಿ ಬಾಯಿಬಿಟ್ಟು ಹೇಳಿದ್ದು ಒಬ್ಬರೇ, ತುರುವೇಕೆರೆಯ ಶಾಸಕ ಎಂ.ಟಿ. ಕೃಷ್ಣಪ್ಪ. 2025ರ ಮಾರ್ಚ್‌ನಲ್ಲಿ ಅವರು ಎದ್ದು ನಿಂತು, ಹೆಂಗಸರಿಗೆ ಎರಡು ಸಾವಿರ ಕೊಡುತ್ತೀರಿ, ಬಸ್ಸು ಬಿಟ್ಟಿ, ಕರೆಂಟು ಬಿಟ್ಟಿ, ಅದೆಲ್ಲ ನಮ್ಮದೇ ದುಡ್ಡು, ಗಂಡಸರಿಗೂ ವಾರಕ್ಕೆ ಎರಡು ಬಾಟಲಿ ಉಚಿತವಾಗಿ ಕೊಡಿ, ಸೊಸೈಟಿ ಮೂಲಕ ಹಂಚಿ ಎಂಬ ಅರ್ಥದ ಮಾತಾಡಿದರು. ನೀವು ಗೆದ್ದು ಸರ್ಕಾರ ಮಾಡಿ ಕೊಡಿ, ನಾವು ಕುಡಿತ ಕಡಿಮೆ ಮಾಡಲು ನೋಡುತ್ತಿದ್ದೇವೆ ಎಂದು ಸಚಿವ ಕೆ.ಜೆ. ಜಾರ್ಜ್ ಉತ್ತರಿಸಿದರು. ಅದೇ ಅಧಿವೇಶನದ ಬಜೆಟ್‌ನಲ್ಲೇ 40,000 ಕೋಟಿಯ ಗುರಿ ಇತ್ತು. ಎಲ್ಲರೂ ಶಾಸಕರನ್ನು ಗೇಲಿ ಮಾಡಿದರು. ನನಗೆ ಅವರ ಸಲಹೆಯಲ್ಲಿ ಕಂಡದ್ದು ಒಂದೇ ಒಂದು ದೋಷ, ಅದನ್ನು ಹಣಕಾಸು ಇಲಾಖೆಯ ಯಾವ ಗುಮಾಸ್ತನಾದರೂ ಕಡತದ ಅಂಚಿನಲ್ಲಿ ಬರೆದೇ ಬರೆಯುತ್ತಾನೆ: ಉಚಿತ ಬಾಟಲಿಯ ಅಬಕಾರಿ ಸುಂಕವನ್ನು ಯಾರಿಂದ ವಸೂಲು ಮಾಡತಕ್ಕದ್ದು?